ಕಲ್ಲಿಗೆ ನಾನಿಟ್ಟ ಹೆಸರು

ಆ ಕಲ್ಲಿಗೆ ಹೆಸರಿಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಚಿತ್ರದುರ್ಗದಲ್ಲಿ ಒಂದು ಸಿಮೆಂಟ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಐದು ಜನ ಸೇರಿ ಒಂದು ವಿಡಿಯೋ ಗೇಮ್ ಮಾಡುತ್ತಿದ್ದೆವು. ಪಾಳೆಯಗಾರರ ಕಾಲದ ದುರ್ಗದ ಸೀಮೆ ಅದರ ಲೋಕ. ಆಡುವವನು ಒಂದು ಸಣ್ಣ ಕೋಟೆಯ ಕಾವಲುಗಾರ. ಕೋಡ್ ಬರೆಯುವವರು, ಚಿತ್ರ ಬಿಡಿಸುವವರು ಬೇರೆ ಇದ್ದರು. ನನ್ನ ಪಾಲಿಗೆ ಬಂದದ್ದು ಚರಿತ್ರೆ. ಆಟ ಬಿಡುಗಡೆಯಾಗುವ ಮೊದಲೇ ಜನರಿಗೆ ಅದರ ಮೇಲೆ ಆಸೆ ಹುಟ್ಟಿಸಬೇಕು, ಅದಕ್ಕಾಗಿ ಚರಿತ್ರೆಯ ಪಾಠದ ವಿಡಿಯೋ ಮಾಡಬೇಕು.

ಒಂದೊಂದು ವಿಡಿಯೋ ತೊಂಬತ್ತು ಸೆಕೆಂಡು. ಮೊದಲ ಎಂಬತ್ತು ಸೆಕೆಂಡು ನಮ್ಮ ಜಿಲ್ಲೆಯ ಯಾವುದಾದರೂ ಒಂದು ವೀರಗಲ್ಲು, ಅದರ ಮೇಲೆ ನನ್ನ ದನಿ. ಕೊನೆಯ ಹತ್ತು ಸೆಕೆಂಡು ಅದೇ ಕಲ್ಲು ಆಟದೊಳಗೆ. ಹುಲ್ಲು ಅಲುಗಾಡುತ್ತದೆ, ಕಾವಲುಗಾರ ಬಂದು ಪಂಜು ಎತ್ತಿ ಹಿಡಿಯುತ್ತಾನೆ. "ಮೇಡಂ, ಜಾಹೀರಾತು ಅಂದ್ರೆ ಜನ ದಾಟಿಸ್ತಾರೆ. ಪಾಠ ಅಂದ್ರೆ ಕುಂತು ನೋಡ್ತಾರೆ," ಎಂದು ನಮ್ಮ ಮುಖ್ಯಸ್ಥರು ಹೇಳುತ್ತಿದ್ದರು. ಮಾತು ಸುಳ್ಳಾಗಲಿಲ್ಲ. ಮೇಷ್ಟ್ರುಗಳು ನಮ್ಮ ವಿಡಿಯೋವನ್ನು ತರಗತಿಯಲ್ಲಿ ಹಾಕತೊಡಗಿದರು. ಒಮ್ಮೆ ಸಿರಿಗೆರೆ ಬಸ್ಸಿನಲ್ಲಿ ಕಂಡಕ್ಟರಿಗೆ ಚಿಲ್ಲರೆ ಕೇಳಿದ್ದಕ್ಕೇ ಹಿಂದಿನ ಸೀಟಿನ ಹುಡುಗಿಯರು "ಏಯ್, ಕಲ್ಲಿನ ಮಿಸ್ಸು ಕಣ್ರೇ" ಎಂದು ದನಿಯಲ್ಲೇ ಗುರುತು ಹಿಡಿದರು. ನಾನು ಉಬ್ಬಿಹೋದೆ. ಉಬ್ಬಿದವರಿಗೆ ಕಿವಿ ಸ್ವಲ್ಪ ಮಂದವಾಗುತ್ತದೆ, ಅದು ನನಗೆ ಆಮೇಲೆ ಗೊತ್ತಾಯಿತು.

ಪ್ರತಿ ವಿಡಿಯೋದ ಜೊತೆಗೆ ಆಟದೊಳಗೆ ಒಂದು ಕಾರ್ಡು ಇರುತ್ತಿತ್ತು. ಅದರಲ್ಲಿ ಏಳು ಚೌಕ. ಹೆಸರು, ಊರು, ಕಾಲ, ಆಯುಧ, ಸತ್ತ ಕಾರಣ, ಕಲ್ಲು ನಿಲ್ಲಿಸಿದವರು, ಗಮನಿಸಬೇಕಾದ್ದು. ಉಳಿದ ಆರನ್ನು ಖಾಲಿ ಬಿಡಬಹುದಿತ್ತು. ಹೆಸರಿನ ಚೌಕ ಖಾಲಿ ಬಿಟ್ಟರೆ ಮಾತ್ರ ಅದರ ಸುತ್ತ ಕೆಂಪು ಗೆರೆ ಹೊಳೆದು, ಕಾರ್ಡು ಸೇವ್ ಆಗುತ್ತಲೇ ಇರಲಿಲ್ಲ.

ಎಂಟನೆಯ ಕಲ್ಲು ಮತ್ತೋಡಿನ ಆಚೆ, ಗಾಳಿಯಂತ್ರಗಳ ಸಾಲು ನಿಂತ ಗುಡ್ಡದಿಂದ ತುಸು ದೂರದಲ್ಲಿ, ಕುರಿ ಹೋಗುವ ದಾರಿಯ ಪಕ್ಕದಲ್ಲಿತ್ತು. ಎದೆಮಟ್ಟದ ಕಲ್ಲು, ಮೂರು ಹಂತ. ಕೆಳಗೆ ಕತ್ತಿ ಎತ್ತಿದ ವೀರ, ಅವನ ಕಾಲ ಬಳಿ ಕುರಿಗಳೋ ದನಗಳೋ. ನಡುವೆ ಅವನನ್ನು ಹೊತ್ತೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅವನೇ. ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರ ಇದ್ದಿರಬೇಕು. ಓರೆಯಾಗಿ ಬೆಳಕು ಬಿಟ್ಟು ನೋಡಿದೆ, ಕಣ್ಣಿಗೆ ಲೆನ್ಸ್ ಹಿಡಿದು ನೋಡಿದೆ. ಪದರ ಎದ್ದುಹೋಗಿ ಒಂದು ಅಕ್ಷರವೂ ಉಳಿದಿರಲಿಲ್ಲ.

ನನ್ನ ಜೊತೆ ಬಂದವಳು ನಮ್ಮ ಮಾಡೆಲರ್, ಹಿರಿಯೂರಿನವಳು. ಕಲ್ಲಿನ ಸುತ್ತ ಹೆಜ್ಜೆ ಹೆಜ್ಜೆಗೂ ನಿಂತು, ಒಂದರ ಮೇಲೊಂದು ಹೊಂದುವಂತೆ ಇನ್ನೂರೈವತ್ತು ಫೋಟೋ ತೆಗೆದು, ಅದರಿಂದ ಕಂಪ್ಯೂಟರಿನಲ್ಲಿ ಕಲ್ಲನ್ನು ಮತ್ತೆ ಕಟ್ಟುವುದು ಅವಳ ಕೆಲಸ. ಅದಕ್ಕೆ ಬೆಳಕು ಒಂದೇ ಸಮ ಇರಬೇಕು. ಆದರೆ ಬೆಳಗಿನ ಬಿಸಿಲಿಗೆ ಗಾಳಿಯಂತ್ರದ ರೆಕ್ಕೆಯ ನೆರಳು ಉದ್ದಕ್ಕೆ ಚಾಚಿ, ಎರಡೆರಡು ಸೆಕೆಂಡಿಗೊಮ್ಮೆ ಕಲ್ಲಿನ ಮೇಲೆ ಹಾದುಹೋಗುತ್ತಿತ್ತು. ನೆರಳು ಹಾದಾಗಲೆಲ್ಲ ಕತ್ತಿ ಹಿಡಿದ ಕೈ ಅಲುಗಿದಂತೆ ಕಾಣುತ್ತಿತ್ತು. "ಮೇಡಂ, ನೆರಳು ಸರಿಯೋ ತಂಕ ಕಾಯಾಣ. ನನಗ್ಯಾಕೋ ಇವನು ಕೈ ಬೀಸಿ ಹೋಗ್ರಿ ಅಂತಿದಾನೆ ಅನ್ಸುತ್ತೆ," ಎಂದಳು. ನಾನು ನಕ್ಕೆ.

ಕಾಯುತ್ತ ಕೂತಿದ್ದಾಗ ಕುರಿ ಹಿಂಡು ಬಂತು. ಹಿಂಡಿನ ಹಿಂದೆ ಒಬ್ಬ ಅಜ್ಜಿ, ಹೆಗಲ ಮೇಲೆ ಕಂಬಳಿ. ಕಲ್ಲಿನ ಹತ್ತಿರ ಬಂದಾಗ ಕುರಿಗಳನ್ನು ಕೂಗುವುದು ನಿಲ್ಲಿಸಿ, ಬಾಯಿಗೆ ಸೆರಗು ಅಡ್ಡ ಹಿಡಿದು, ದಾಟಿದ ಮೇಲೆ ಮತ್ತೆ ಕೂಗಿದಳು. ನಾನು ಅದನ್ನು ನೋಡಿದೆ, ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ ಕೂಡ. ಯಾಕೆ ಎಂದು ಕೇಳಲಿಲ್ಲ. ನನಗೆ ಬೇಕಾಗಿದ್ದದ್ದು ಹೆಸರು.

"ಅಜ್ಜಿ, ಈ ಕಲ್ಲಿನಲ್ಲಿರೋನ ಹೆಸರೇನು?"

ಅವಳು ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. "ಐತೆ," ಎಂದಳು.

"ಏನು ಹೆಸರು?"

"ಐತೆ ಬಿಡವ್ವ."

ಮೂರನೆಯ ಸಲ ಕೇಳಿದ್ದಕ್ಕೆ ಅವಳು ಬಗಲ ಚೀಲದಿಂದ ಒಂದು ಹಿಡಿ ಹುರಿಗಡಲೆ ತೆಗೆದು ನನ್ನ ಕೈಗೆ ಹಾಕಿ ಹೊರಟುಹೋದಳು. ನಾನು ಕಡಲೆ ತಿನ್ನುತ್ತ ಪುಸ್ತಕದಲ್ಲಿ ಬರೆದೆ: "ಸ್ಥಳೀಯರಿಗೆ ಹೆಸರು ಗೊತ್ತಿಲ್ಲ."

ಆಫೀಸಿನಲ್ಲಿ ಮುಖ್ಯಸ್ಥರು ಕಾರ್ಡು ನೋಡಿ ಮುಖ ಸಿಂಡರಿಸಿದರು. "ಹೆಸರಿಲ್ಲದೋನ ಕಥೆ ಯಾರು ಕೇಳ್ತಾರೆ ಮೇಡಂ? ನಾಳೆ ವಿಡಿಯೋ ಹೋಗ್ಬೇಕು. ಆ ಕಾಲಕ್ಕೆ ಒಪ್ಪೋ ಹೆಸರು ಒಂದು ಹಾಕ್ರಿ. 'ಎಂದು ನಂಬಲಾಗಿದೆ' ಅಂತ ಸೇರಿಸ್ರಿ, ಮುಗೀತು."

ಆ ರಾತ್ರಿ ಮನೆಯ ಡೈನಿಂಗ್ ಟೇಬಲ್ಲಿನಲ್ಲಿ ಕೂತು ನಾನು ಹಾಕಿದೆ. ಕರಿಬೊಮ್ಮ. ಒಮ್ಮೆ ಹೆಸರು ಬಂದಿದ್ದೇ ತಡ, ಅವನೇ ಪೆನ್ನಿನ ತುದಿಯಲ್ಲಿ ಬಂದು ಕೂತ. ಕುರಿ ಕಳ್ಳರನ್ನು ಅಟ್ಟಿಸಿಕೊಂಡು ಹೋದವನು, ಒಬ್ಬನೇ ಏಳು ಜನರನ್ನು ತಡೆದವನು. ಬಲಗೈಯಲ್ಲಿ ಎರಡು ಬೆರಳಿಲ್ಲದವನು ಎಂದೂ ಬರೆದೆ. ಬೆರಳಿನ ಮಾತು ಅತಿಯಾಯಿತು ಅನ್ನಿಸಿ ಅಲ್ಲೇ ಹೊಡೆದುಹಾಕಿದೆ. ಅದು ನನ್ನ ಟಿಪ್ಪಣಿ ಪುಸ್ತಕ ಬಿಟ್ಟು ಎಲ್ಲೂ ಹೋಗಲಿಲ್ಲ. ಮನೆಯಲ್ಲಿ ಬಟ್ಟೆಯ ಬೀರು ತೆರೆದು, ಸೀರೆಗಳ ನಡುವೆ ಮೈಕು ಇಟ್ಟು ದನಿ ಮುದ್ರಿಸಿದೆ. "ಇವನು ಕರಿಬೊಮ್ಮ ಎಂದು ನಂಬಲಾಗಿದೆ." ನಂಬಿದವರು ಯಾರು? ಆ ಹೊತ್ತಿಗೆ ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ.

ಎಂಟೂ ವಿಡಿಯೋಗಳಲ್ಲಿ ಅತಿ ಹೆಚ್ಚು ಓಡಿದ್ದು ಅದೇ. ಮೊದಮೊದಲು ಖುಷಿಯಾಯಿತು. ಹೊಳಲ್ಕೆರೆಯ ಒಬ್ಬ ಮೇಷ್ಟ್ರು ತಮ್ಮ ಮಕ್ಕಳು ಬರೆದ ಕರಿಬೊಮ್ಮನ ಚಾರ್ಟು ಕಳಿಸಿದರು. ಆಮೇಲೆ ಬೇರೆ ಥರದ ಕಾಮೆಂಟುಗಳು ಬಂದವು. "ಕರಿಬೊಮ್ಮ ನಮ್ಮ ಮನೆತನದವರು, ನಮ್ಮ ತಾತ ಹೇಳುತ್ತಿದ್ದರು." "ನಮ್ಮಜ್ಜಿ ರಾಗಿ ಬೀಸುವಾಗ ಕರಿಬೊಮ್ಮನ ಪದ ಹೇಳೋರು." ಎರಡು ಸಾಲು ಪದವನ್ನೂ ಬರೆದಿದ್ದರು. ಚೆನ್ನಾಗಿಯೇ ಇತ್ತು. ನನ್ನ ಡೈನಿಂಗ್ ಟೇಬಲ್ಲಿನ ಮೇಲೆ ಮೊನ್ನೆ ಮೊನ್ನೆ ಹುಟ್ಟಿದವನಿಗೆ ಬೀಸುಕಲ್ಲಿನ ಕಾಲದ ಪದ ಎಲ್ಲಿಂದ ಬಂತು? ಜನ ಹೀಗೇ, ಸೇರಿಸಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಆ ಸಾಲುಗಳನ್ನು ಎರಡನೆಯ ಸಲ ಓದಲು ಧೈರ್ಯವಾಗಲಿಲ್ಲ.

ಬಿಡುಗಡೆಯ ವಾರಕ್ಕೆ ಮುಖ್ಯಸ್ಥರು ಹೊಸ ಯೋಚನೆ ತಂದರು. ಕಲ್ಲಿನ ಪಕ್ಕ ಒಂದು ಫಲಕ. ಮೇಲೆ ಕರಿಬೊಮ್ಮನ ಹೆಸರು, ಕೆಳಗೆ ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಆಟಕ್ಕೆ ಕರೆದೊಯ್ಯುವ ಚೌಕ. ಅಳತೆ ತೆಗೆದುಕೊಂಡು ಬರಲು ನಾನೊಬ್ಬಳೇ ಹೋದೆ. ಮತ್ತೋಡಿನಲ್ಲಿ ಬಸ್ಸಿಳಿದು ಆಟೋದವನಿಗೆ ದಾರಿ ಹೇಳತೊಡಗಿದರೆ ಅವನೇ, "ಕರಿಬೊಮ್ಮನ ಕಲ್ಲಿಗಲ್ವಾ? ಕುಂತ್ಕಳ್ರಿ," ಎಂದ.

ಕಲ್ಲಿನ ಕೆಳ ಹಂತಕ್ಕೆ ಯಾರೋ ಹಳದಿ ಎಣ್ಣೆ ಬಣ್ಣ ಬಳಿದಿದ್ದರು. ಅದರ ಮೇಲೆ ಕೆಂಪಿನಲ್ಲಿ ದಪ್ಪ ಅಕ್ಷರ: ಕರಿಬೊಮ್ಮ. ಕುರಿಗಳೂ ವೀರನ ಕಾಲುಗಳೂ ಬಣ್ಣದಡಿ ಹೂತುಹೋಗಿದ್ದವು. ಮುಂದೆ ಒಡೆದ ಕಾಯಿ, ಊದುಬತ್ತಿಯ ಬೂದಿ. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಭಯ. ನನ್ನ ಕೈಬರಹವನ್ನು ನನಗೆ ಗೊತ್ತಿಲ್ಲದ ಯಾರೋ ನಕಲು ಮಾಡಿದ ಹಾಗಿತ್ತು.

ಅಷ್ಟರಲ್ಲಿ ಅದೇ ಹಿಂಡು ಬಂತು. ಕಲ್ಲಿಗೆ ಇಪ್ಪತ್ತು ಮಾರು ಇರುವಾಗ ಮುಂದಿನ ಟಗರು ನಿಂತಿತು. ಅದರ ಹಿಂದೆ ಎಲ್ಲವೂ ನಿಂತವು. ಒಂದೂ ಅರಚಲಿಲ್ಲ. ಅಷ್ಟು ಕುರಿ ಸದ್ದಿಲ್ಲದೆ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ ಒಟ್ಟಿಗೇ ತಿರುಗಿ, ಜಾಲಿ ಮುಳ್ಳಿನ ಕಡೆಯಿಂದ ಸುತ್ತು ಹಾಕಿ ಹೋದವು. ಹಿಂಡಿನ ಜೊತೆ ಅಜ್ಜಿಯ ಮಗನಿದ್ದ, ಮೂವತ್ತರ ಆಸುಪಾಸಿನವನು. "ತಿಂಗಳಾತ್ರಿ ಮೇಡಂ, ಈ ದಾರಿ ಹಿಡೀತಿಲ್ಲ. ಬಣ್ಣದ ವಾಸನೆಗಿರ್ಬೇಕು ಅಂತೀನಿ ನಾನು. ಅವ್ವ ಬ್ಯಾರೆ ಹೇಳ್ತಾಳೆ," ಎಂದ. ಅಜ್ಜಿ ದೂರದ ಬೇವಿನ ಮರದಡಿ ಕೂತಿದ್ದಳು. ಪಕ್ಕದಲ್ಲಿ ರೊಟ್ಟಿ ಬುತ್ತಿ ತಂದ ಹೊಸ ಸೊಸೆ.

ನಾನು ಹತ್ತಿರ ಹೋಗಿ ಮಾತಾಡಿಸಿದೆ. ಅಜ್ಜಿ ತಲೆ ಎತ್ತಲಿಲ್ಲ. "ಅದೇ ದನಿ," ಎಂದಳು ಸೊಸೆಗೆ. ಆಮೇಲೆ ನನಗೆ, "ಅಂಗಡಿಯಾಗೆ ನೀನೇ, ಬಸ್ಸಿನಾಗೆ ನೀನೇ, ಮಕ್ಕಳ ಕೈಯಾಗಿನ ಫೋನಿನಾಗೂ ನೀನೇ. ಕರಿಬೊಮ್ಮ, ಕರಿಬೊಮ್ಮ. ಯಾರವ್ವ ಅವನು?"

"ಹೆಸರು ಗೊತ್ತಿಲ್ಲ ಅಂದ್ರಲ್ಲ ಅಜ್ಜಿ, ಅದಕ್ಕೆ..."

"ಗೊತ್ತಿಲ್ಲ ಅಂದ್ನಾ ನಾನು? ಐತೆ ಅಂದೆ."

ನಿಜ. ಹಾಗೇ ಅಂದಿದ್ದಳು.

ಅವಳು ನಿಧಾನವಾಗಿ ಹೇಳಿದಳು. ಕಲ್ಲಿನಲ್ಲಿರುವವನು ಅವರ ಮನೆಯವನು. ಅವನ ಹೆಸರನ್ನು ಮನೆಗೆ ಬಂದ ಸೊಸೆಯ ಕಿವಿಯಲ್ಲಿ ಅತ್ತೆಯಾದವಳು ಒಂದೇ ಒಂದು ಸಲ ಹೇಳುತ್ತಾಳೆ, ಅದೂ ಆ ಕಲ್ಲಿನ ಮುಂದೆ. ಆಮೇಲೆ ಆ ಸೊಸೆ ಅತ್ತೆಯಾಗುವವರೆಗೆ ಅದು ಬಾಯಿಗೆ ಬರಕೂಡದು. "ಹೆಸರು ಹಿಡಿದು ಕರೆದ್ರೆ ಎದ್ದು ಬರ್ತಾನೆ ಕಣವ್ವ. ಬಂದು ಮನೆ ಎಲ್ಲಿ ಅಂತ ಕೇಳ್ತಾನೆ. ಅದಕ್ಕೇ ಕರೆಯಂಗಿಲ್ಲ. ನೀನು ಬ್ಯಾರೆ ಹೆಸರು ಹಿಡಿದು ಊರೂರಾಗೆ ಕರೆಸಿದೆ. ಈಗ ಎದ್ದು ಬಂದೋನು ಯಾರು?"

ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವಳು ತನ್ನ ಬಲಗೈ ಎತ್ತಿ, ಕೊನೆಯ ಎರಡು ಬೆರಳು ಮಡಚಿ ತೋರಿಸಿದಳು.

"ಕನಸಿನಾಗೆ ಬರ್ತಾನೆ. ಈಟು ಬೆರಳು ಇಲ್ಲ ಅವನಿಗೆ. ಬಾಗಿಲಾಗೆ ನಿಂತು ಮನೆ ಎಲ್ಲಿ, ಮನೆ ಎಲ್ಲಿ ಅಂತಾನೆ. ನಮ್ಮೋನಿಗೆ ಹತ್ತು ಬೆರಳೂ ಇದ್ವು."

ನಾನು ಬ್ಯಾಗನ್ನು ತಡವಿ ನೋಡಿಕೊಂಡೆ. ಟಿಪ್ಪಣಿ ಪುಸ್ತಕ ನನ್ನ ಬ್ಯಾಗಿನಲ್ಲೇ ಇತ್ತು. ಹೊಡೆದುಹಾಕಿದ ಆ ಸಾಲನ್ನು ನಾನು ಯಾರಿಗೂ ತೋರಿಸಿರಲಿಲ್ಲ.

ಅದಕ್ಕಿಂತ ಕೆಟ್ಟದ್ದನ್ನು ಅವಳು ಕೊನೆಗೆ ಹೇಳಿದಳು. "ಮೊನ್ನೆ ಇವಳನ್ನ ಕಲ್ಲಿನ ಹತ್ರ ಕರ್ಕಂಡೋದೆ. ಕಿವಿಗೆ ಬಾಯಿ ಇಟ್ಟೆ. ನಮ್ಮತ್ತೆ ಕೊಟ್ಟ ಹೆಸರು ಬರ್ಲಿಲ್ಲ. ನೀನು ಇಟ್ಟಿದ್ದು ಬಂತು ಬಾಯಿಗೆ. ಬಾಯಿ ಮುಚ್ಕಂಡೆ. ಈಗ ನೆನೆಸಿಕೊಂಡ್ರೆ ಅದೊಂದೇ ಬರ್ತೈತೆ." ಅವಳ ಅತ್ತೆ ಸತ್ತು ಎಷ್ಟೋ ವರ್ಷ. ಓರಗಿತ್ತಿಯರಿಲ್ಲ. ಆ ಹೆಸರು ಇದ್ದದ್ದು ಅವಳೊಬ್ಬಳ ತಲೆಯಲ್ಲಿ. ಎಷ್ಟು ತಲೆಮಾರು ಕಿವಿಯಿಂದ ಕಿವಿಗೆ ದಾಟಿ ಬಂದದ್ದರ ಮೇಲೆ ನಾನು ತೊಂಬತ್ತು ಸೆಕೆಂಡಿನಲ್ಲಿ ಬಣ್ಣ ಬಳಿದಿದ್ದೆ.

"ಏನು ಮಾಡ್ಲಿ ಅಜ್ಜಿ?"

"ಕರೆದೋಳು ನೀನು. ನೀನೇ ಕರ್ಕಂಡು ಹೋಗು."

ಆಫೀಸಿಗೆ ಬಂದು ಅಳತೆಯ ಬದಲು ಇದನ್ನೇ ಹೇಳಿದೆ. ಮುಖ್ಯಸ್ಥರು ಕೆಟ್ಟವರಲ್ಲ, ಪೂರ್ತಿ ಕೇಳಿಸಿಕೊಂಡರು. "ವಿಡಿಯೋ ತೆಗೆದುಹಾಕಾಣ. ಸುಮ್ನೆ ತೆಗೆಯಾಣ. ಸುಳ್ಳು ಹೇಳಿದ್ವಿ ಅಂತ ಒಪ್ಕಂಡ್ರೆ ಉಳಿದ ಏಳೂ ಸುಳ್ಳೇ ಅಂತಾರೆ. ಐದು ಜನರ ಮೂರು ವರ್ಷದ ಕೆಲಸ ಮೇಡಂ." ಅವರ ಮಾತಿನಲ್ಲಿ ನ್ಯಾಯವಿತ್ತು. ಉಳಿದ ಏಳನ್ನು ನಾನು ಎಷ್ಟು ಕಷ್ಟಪಟ್ಟು, ಶಾಸನದ ಪ್ರತಿ ಹಿಡಿದು ಪರೀಕ್ಷಿಸಿ ಮಾಡಿದ್ದೆ ಎಂದು ನನಗೇ ಗೊತ್ತು. ಆದರೆ ವಿಡಿಯೋ ತೆಗೆದರೆ ಹೆಸರು ಹೋಗುವುದಿಲ್ಲ. ಅದು ಆಗಲೇ ನೂರಾರು ಫೋನಿನಲ್ಲಿ ನಕಲಾಗಿತ್ತು, ಬೀಸುಕಲ್ಲಿನ ಪದದಲ್ಲಿ ಸೇರಿತ್ತು. ಇಟ್ಟವಳೇ ಅದೇ ದನಿಯಲ್ಲಿ ಅಲ್ಲ ಎನ್ನಬೇಕಿತ್ತು.

ಎರಡು ದಿನ ಯೋಚಿಸಿದೆ. ಮೂರನೆಯ ಬೆಳಿಗ್ಗೆ ಬೀರು ತೆರೆದು ಸೀರೆಗಳ ನಡುವೆ ಕೂತೆ. ಆಟದ ದೃಶ್ಯವಿಲ್ಲ, ಸಂಗೀತವಿಲ್ಲ. ಈ ಹೆಸರನ್ನು ನಾನು ಕಟ್ಟಿದೆ, ಕಥೆಯೂ ನನ್ನದೇ, ನಂಬಲಾಗಿದೆ ಎಂದದ್ದು ಸುಳ್ಳು, ಈ ಕಲ್ಲಿಗೆ ಅದರದೇ ಹೆಸರಿದೆ, ಅದು ನಮಗೆ ಹೇಳುವಂಥದ್ದಲ್ಲ ಎಂದಷ್ಟೇ ಹೇಳಿದೆ. ಚಾನೆಲ್ಲಿನ ಪಾಸ್‌ವರ್ಡು ನನ್ನ ಬಳಿಯೇ ಇತ್ತು. ಹಳೆಯದನ್ನು ತೆಗೆದು ಇದನ್ನು ಹಾಕಿದೆ.

ಬೈಗುಳ ಬಂತು. ಕರಿಬೊಮ್ಮ ತಮ್ಮ ಮನೆತನದವನು ಎಂದವರು ಎಲ್ಲರಿಗಿಂತ ಹೆಚ್ಚು ಬೈದರು; ನಾನು ಅವರ ಪೂರ್ವಜನನ್ನು ಇಲ್ಲ ಎನ್ನುತ್ತಿದ್ದೇನಂತೆ. ಹೊಳಲ್ಕೆರೆಯ ಮೇಷ್ಟ್ರು ಮಾತ್ರ, ಚಾರ್ಟನ್ನು ಏನು ಮಾಡಲಿ ಎಂದು ಕೇಳಿದರು. ಹೆಸರು ಹೊಡೆದುಹಾಕಿ, ಯಾಕೆ ಹೊಡೆದಿರಿ ಎಂದು ಮಕ್ಕಳಿಗೆ ಹೇಳಿ ಎಂದು ಬರೆದೆ. ಮುಖ್ಯಸ್ಥರು ಮರುದಿನ, "ಫಲಕ ಬ್ಯಾಡ ಬಿಡ್ರಿ. ಆದ್ರೆ ಮುಂದಿನ ವಿಡಿಯೋಕ್ಕೆ ನಿಮ್ಮ ದನಿ ಹಾಕಂಗಿಲ್ಲ," ಎಂದರು. ನಾನು ಒಪ್ಪಿದೆ. ದನಿ ಹೋದದ್ದಕ್ಕೆ ಅತ್ತುಬಿಟ್ಟೆ ಕೂಡ, ಸುಳ್ಳು ಯಾಕೆ ಹೇಳಲಿ. ಬಣ್ಣದ ವಿಷಯಕ್ಕೆ ಪುರಾತತ್ವ ಇಲಾಖೆಗೆ ಅರ್ಜಿ ಬರೆದೆ. ನಾವೇ ಥಿನ್ನರ್ ಹಾಕಿ ಉಜ್ಜಿದರೆ ಕಲ್ಲಿನ ಪದರವೇ ಎದ್ದುಬರುತ್ತದೆ, ತಿಳಿದವರೇ ತೆಗೆಯಬೇಕು.

ಉಳಿದದ್ದು ಅಜ್ಜಿ ಹೇಳಿದ ಕೆಲಸ. ಚರಿತ್ರೆ ಓದಿಕೊಂಡವಳು ನಾನು, ನಡುಮಧ್ಯಾಹ್ನ ಕಲ್ಲಿನ ಮುಂದೆ ನಿಂತಾಗ ನಾಚಿಕೆಯಾಯಿತು. ಬಣ್ಣ ಬಳಿದ ಭಾಗಕ್ಕೆ ಅಜ್ಜಿ ತನ್ನ ಕರಿ ಕಂಬಳಿ ಹೊದಿಸಿದ್ದಳು. ಪಕ್ಕದಲ್ಲಿ ಸೊಸೆ ನಿಂತಿದ್ದಳು. ಮಗ ಹಿಂಡನ್ನು ದೂರದಲ್ಲಿ ತಡೆದು ನಿಲ್ಲಿಸಿದ್ದ.

"ಮನೆ ಐತೆ ಬಾ ಅನ್ನು. ನಡಿ. ಹಿಂದೆ ಏನೇ ಕೇಳಿಸಿದ್ರೂ ತಿರುಗಬ್ಯಾಡ."

"ಕರಿಬೊಮ್ಮ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ನಮ್ಮನೆ ಐತೆ. ಬಾ, ಹೋಗಾಣ."

ನಡೆದೆ. ಗುಡ್ಡದ ಮೇಲೆ ರೆಕ್ಕೆಗಳು ಉಸಿರು ಬಿಟ್ಟಂತೆ ಸದ್ದು ಮಾಡುತ್ತಿದ್ದವು. ಜಲ್ಲಿ ದಾರಿಯಲ್ಲಿ ನನ್ನ ಚಪ್ಪಲಿಯ ಸದ್ದು ಒಂದಕ್ಕೆ ಎರಡಾಗಿ ಕೇಳುತ್ತಿತ್ತು. ಪ್ರತಿಧ್ವನಿ ಎಂದುಕೊಂಡೆ. ನಿಂತೆ. ಒಂದು ಹೆಜ್ಜೆಯಷ್ಟು ತಡವಾಗಿ ಅದೂ ನಿಂತಿತು. ತಿರುಗಬೇಕೆಂದು ಕುತ್ತಿಗೆ ತವಕಿಸಿತು. ಅದೇ ಹೊತ್ತಿಗೆ ಹಿಂದಿನಿಂದ ಕುರಿಗಳ ಗಂಟೆ ಕೇಳಿಸಿತು, ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಹಿಂಡಿಗೆ ಹಿಂಡೇ. ಕಲ್ಲಿನ ದಾರಿಯಲ್ಲೇ ಹೋಗುತ್ತಿದ್ದವು. ನಾನು ತಿರುಗಲಿಲ್ಲ.

ಮತ್ತೋಡಿನಲ್ಲಿ ಬಸ್ಸು ಹತ್ತಿ ಕಿಟಕಿಯ ಸೀಟು ಖಾಲಿ ಬಿಟ್ಟು ಈಚೆಯ ಸೀಟಿನಲ್ಲಿ ಕೂತೆ. ಹೊಸದುರ್ಗದಲ್ಲಿ ಬಸ್ಸು ಬದಲಿಸಿದಾಗಲೂ ಹಾಗೇ. ಕಾಲೇಜಿನ ಹುಡುಗಿಯೊಬ್ಬಳು ಬಂದು, "ಆಂಟಿ, ಕಿಟಕಿ ಹತ್ರ ಯಾರಾದ್ರೂ ಬರ್ತಾರಾ?" ಎಂದಳು. ಇಲ್ಲ ಎನ್ನಲು ಬಾಯಿ ತೆರೆದೆ. ಬದಲಿಗೆ ಕಿಟಕಿ ಪಕ್ಕದ ಸೀಟಿನ ಕಡೆ ಕಣ್ಣು ಹೋಯಿತು. ಅವಳು ಸೀಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಚಿತ್ರದುರ್ಗದವರೆಗೂ ನಿಂತೇ ಬಂದಳು.

ಆಟ ಬಿಡುಗಡೆಯಾಯಿತು. ಎಂಟನೆಯ ಕಲ್ಲು ಅದರಲ್ಲಿದೆ, ಬಣ್ಣ ಬಳಿಯುವ ಮೊದಲಿನ ರೂಪದಲ್ಲಿ. ಕೆಂಪು ಗೆರೆಯ ನಿಯಮವನ್ನು ಮಾಡೆಲರ್ ಹುಡುಗಿ ನನಗೆ ಹೇಳದೆಯೇ ತೆಗೆಸಿದ್ದಳು. ಹೆಸರಿನ ಚೌಕ ಖಾಲಿಯಾಗಿಯೇ ನಿಂತಿದೆ.

ಅದಾದ ಎಷ್ಟೋ ದಿನಕ್ಕೆ ಅಜ್ಜಿಯ ಮಗನಿಗೆ ಫೋನ್ ಮಾಡಿದೆ. ಕುರಿ ದಾರಿ ಹಿಡಿದಿವೆ, ಅವ್ವನಿಗೆ ನಿದ್ದೆ ಬರುತ್ತಿದೆ, ಆವತ್ತೇ ಸೊಸೆಯ ಕಿವಿಯಲ್ಲಿ ಹೇಳಿದಳು ಎಂದ. ನನಗೆ ತಡೆಯಲಾಗಲಿಲ್ಲ. "ಸರಿಯಾದ ಹೆಸರೇ ಬಂತಾ?"

"ನಮಗೇನು ಗೊತ್ತಾಗ್ತೈತ್ರಿ ಮೇಡಂ, ನಾವು ಗಂಡಸರು," ಎಂದು ನಕ್ಕು, ಫೋನನ್ನು ಹೆಂಡತಿಗೆ ಕೊಟ್ಟ.

ಆ ಹೆಣ್ಣುಮಗಳ ಉಸಿರು ಕೇಳಿಸಿತು. ಬೇರೆ ಯಾವುದೋ ಹೆಸರು ಅವಳ ಕಿವಿಗೆ ಬಿದ್ದಿದ್ದರೆ ಅದನ್ನು ಸುಳ್ಳೆನ್ನಲು ಅಜ್ಜಿ ಬಿಟ್ಟರೆ ಲೋಕದಲ್ಲಿ ಯಾರೂ ಇಲ್ಲ. ಕರಿಬೊಮ್ಮ ಎನ್ನಲು ನನಗೆ ನಾಲಗೆ ಏಳಲಿಲ್ಲ. "ಹೆಸರು..." ಎಂದಷ್ಟೇ ಅಂದೆ.

"ಐತ್ರಿ," ಎಂದಳು.

ಟಿಪ್ಪಣಿ ಪುಸ್ತಕ ಮುಂದೆಯೇ ತೆರೆದಿತ್ತು. ಈ ಸಲ ನಾನು ಏನನ್ನೂ ಬರೆಯಲಿಲ್ಲ.